ಖಾರ ಸಿಗಲ್ಲ ಅಂತ ಗೋಳಾಡೋ ಮುಂಚೆ...

ಮೊದಲ ಸಲ ಆನ್‌ಸೈಟ್ ಅಂತ ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೊರಟಾಗ ನನ್ನ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಪುಡಿಗಳೇ ಜಾಸ್ತಿ ಇದ್ದವು. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಅಮ್ಮ ಮೂರು ಕವರಿನಲ್ಲಿ ಸುತ್ತಿಕೊಟ್ಟ ಬ್ಯಾಡಗಿ ಮೆಣಸಿನಕಾಯಿ. ತುಪ್ಪದ ಡಬ್ಬ ಮಾತ್ರ ಮನೆಯಲ್ಲೇ ಉಳೀತು, ಭಾರತದಿಂದ ಯುರೋಪಿಯನ್ ಒಕ್ಕೂಟದೊಳಗೆ ಹಾಲಿನ ಪದಾರ್ಥ ಒಯ್ಯುವ ಹಾಗಿಲ್ಲ. (2019ರ ಡಿಸೆಂಬರಿನಿಂದ ಹಸಿಮೆಣಸಿನಕಾಯಿಗೂ ಸರ್ಟಿಫಿಕೇಟ್ ಬೇಕು ಕಣ್ರೀ!)

ಎರಡು ವಾರಕ್ಕೆ ಸಹೋದ್ಯೋಗಿಯೊಬ್ಬ ಊಟಕ್ಕೆ ಮನೆಗೆ ಕರೆದ. ನಾನು ಮಾಂಸ ತಿನ್ನಲ್ಲ ಅಂತ ಅವನ ಅಮ್ಮ ಸಾಸೇಜ್ ಹಾಕದೆ ಅಲ್ಲಿನ ಬೇಳೆ ಮತ್ತು ಸ್ಪೆಟ್ಸ್‌ಲೆ ಮಾಡಿದ್ದರು. ಸ್ಪೆಟ್ಸ್‌ಲೆ ಅಂದ್ರೆ ಮೊಟ್ಟೆ ಹಾಕಿದ ಗಿಡ್ಡ ದಪ್ಪ ಶಾವಿಗೆ ಅಂದ್ಕೊಳ್ಳಿ. ಒಂದು ಚಮಚ ತಿಂದೆ. ಸಪ್ಪೆ. ಬ್ಯಾಗಿನಿಂದ ಚಟ್ನಿಪುಡಿ ತೆಗೆದು ಧಾರಾಳವಾಗಿ ಉದುರಿಸಿಕೊಂಡೆ. ಯಾರೂ ಏನೂ ಅನ್ನಲಿಲ್ಲ. ಆ ಅಮ್ಮ ಎದ್ದು ಹೋಗಿ, ಕಾಳುಮೆಣಸು ಅರೆಯುವ ಡಬ್ಬಿ ತಂದು ನನ್ನ ಪಕ್ಕ ಇಟ್ಟರು, ಅಷ್ಟೆ. ಆಮೇಲಿನ ತುತ್ತುಗಳು ಗಂಟಲಲ್ಲಿ ಇಳಿಯಲಿಲ್ಲ. ನಮ್ಮನೆಗೆ ಬಂದವರು ಅಮ್ಮನ ಸಾರಿಗೆ ಕೆಚಪ್ ಸುರಿದಿದ್ದರೆ??

ಅವತ್ತಿನಿಂದ 'ಇಲ್ಲಿನವರಿಗೆ ರುಚಿನೇ ಗೊತ್ತಿಲ್ಲ' ಅನ್ನೋ ಡೈಲಾಗು ಬಿಟ್ಟಿದ್ದೀನಿ. ಖಾರ ಇಲ್ಲದ ಊರೇನಲ್ಲ ಅದು, ನಾವು ಹುಡುಕೋದು ಇಂಡಿಯನ್ ಅಂಗಡಿಯಲ್ಲಿ ಮಾತ್ರ. ತುರ್ಕಿಯವರ ಅಂಗಡಿಯಲ್ಲಿ ಪುಲ್ ಬಿಬೆರ್ ಅನ್ನೋ ತರಿತರಿ ಮೆಣಸಿನಪುಡಿ ಇರುತ್ತೆ, ಉದ್ದನೆ ಹಸಿಮೆಣಸಿನಕಾಯಿಯೂ ಇರುತ್ತೆ. ಇನ್ನೂ ಉರಿ ಬೇಕಾ, ಏಷ್ಯನ್ ಅಂಗಡಿಯ ಥಾಯ್ ಮೆಣಸಿನಕಾಯಿ ಕಣ್ಣಲ್ಲಿ ನೀರು ತರಿಸುತ್ತೆ. ಡೋನರ್ ಅಂಗಡಿಯವನಂತೂ ತಾನೇ 'ಮಿತ್ ಶಾರ್ಫ್?' ಅಂತ ಕೇಳ್ತಾನೆ, ಖಾರ ಹಾಕಲಾ ಅಂತ!

ನಿಜ ಹೇಳಬೇಕಂದ್ರೆ ನಮಗೆ ಬೇಕಾಗಿರೋದು ಉರಿ ಅಲ್ಲ, ಮನೆಯ ಬಣ್ಣ, ಘಮ. ಬ್ಯಾಡಗಿಯ ಹೆಸರೇ ಕೆಂಪಿಗೆ, ಖಾರಕ್ಕಲ್ಲ. ಸೂಪರ್‌ಮಾರ್ಕೆಟ್ಟಿನ ಸಿಹಿ ಪಪ್ರಿಕಾ ಪುಡಿಯೂ ಅದೇ ಜಾತಿಯದ್ದು. ಮೂರು ಪಾಲು ಪಪ್ರಿಕಾ, ಒಂದು ಪಾಲು ಖಾರದ ಪುಡಿ, ಜೊತೆಗೆ ಹುರಿದ ಧನಿಯ, ಜೀರಿಗೆ, ಮೆಂತ್ಯ ಪುಡಿಮಾಡಿ ಸೇರಿಸಿದ್ರೆ ಸಾರಿನ ಪುಡಿಗೆ ತೀರಾ ಹತ್ತಿರ ಬರುತ್ತೆ. (ಅಮ್ಮ ಇದನ್ನ ಒಪ್ಪಲ್ಲ, ಫೋನಿನಲ್ಲೇ ಬೈದಳು.)

ಅಷ್ಟಕ್ಕೂ ಮೆಣಸಿನಕಾಯಿ ನಮ್ಮದೇನಲ್ಲ, ಅಮೆರಿಕಾ ಖಂಡದ ಬೆಳೆ, 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಲ್ಲಿ ಬಂದಿದ್ದು. ಅದಕ್ಕೂ ಮುಂಚೆ ನಮ್ಮ ಖಾರ ಅಂದ್ರೆ ಕಾಳುಮೆಣಸು. ಅಂದ್ರೆ ಆ ಅಮ್ಮ ತಂದಿಟ್ಟಿದ್ದು ನಮ್ಮದೇ ಹಳೇ ಖಾರ, ನನಗೇ ಗೊತ್ತಾಗಲಿಲ್ಲ.

ತಿಂಗಳಾದ ಮೇಲೆ ಮೆಣಸಿನ ಸಾರು ಮಾಡ್ಕೊಂಡು ಅವರ ಮನೆಗೆ ಹೋದೆ. ಅಮ್ಮ ಒಂದು ಗುಟುಕು ಕುಡಿದ್ರು, ಚೆನ್ನಾಗಿದೆ ಅಂದ್ರು, ಆಮೇಲೆ ವಿನೆಗರ್ ಬಾಟಲಿ ತಗೊಂಡು ಎರಡು ಚಮಚ ಸುರಿದುಕೊಂಡ್ರು. ಬೇಳೆಗೆ ಅವರು ಹಾಗೇ ಹಾಕ್ಕೊಳ್ಳೋದು. ನಾನು ಕಮಕ್ ಕಿಮಕ್ ಅನ್ನಲಿಲ್ಲ :)