ಕ್ಷೌರದ ಕತ್ತಿಗೆ ಎಷ್ಟು ಹಣ?



ಹನೂರಿನ ತರುಣ ಗೃಹಸ್ಥರೊಬ್ಬರು ನಮಗೆ ಪತ್ರ ಬರೆದು, ಸಂಬಳದಲ್ಲಿ ಉಳಿಸಿದ 8000 ರೂಪಾಯಿಗಳನ್ನು ಒಂದು ಒಳ್ಳೆಯ ಕ್ಷೌರದ ಕತ್ತಿಗೆ ವೆಚ್ಚಮಾಡಬಹುದೇ ಎಂದು ಕೇಳಿರುವರು. ಆ ಹಣವು ಮಗಳ ಶಾಲೆಗೆ ಸಲ್ಲಬೇಕೆಂಬುದು ಅವರ ಪತ್ನಿಯವರ ಅಭಿಪ್ರಾಯವಂತೆ. ಪ್ರಶ್ನೆಯು ಅಲ್ಪವೆಂದು ತೋರಬಹುದು. ಆದರೆ ಮನಸ್ಸು ಬಯಸುವುದೆಷ್ಟು, ಮನೆಗೆ ಬೇಕಾದುದೆಷ್ಟು ಎಂದು ತೂಗುವುದು ಗೃಹಸ್ಥನ ನಿತ್ಯಕರ್ಮವಾದುದರಿಂದ ಇಲ್ಲಿ ವಿಚಾರಿಸುವೆವು.

ಕ್ಷೌರವೆಂಬ ಶಬ್ದವು ಕ್ಷುರದಿಂದ ಹುಟ್ಟಿದುದು. ಕ್ಷುರವೆಂದರೆ ಈ ಕತ್ತಿಯೇ. ನಡೆಯಲು ಕಷ್ಟವಾದ ದಾರಿಗೆ ಕಠೋಪನಿಷತ್ತು ಇದರ ಧಾರೆಯನ್ನು ಹೋಲಿಸಿರುವುದು. ಹೀಗಿದ್ದರೂ ನಮ್ಮ ಹಿರಿಯರು ಇದರ ಬೆಲೆಯನ್ನು ಎಣಿಸಿದವರಲ್ಲ. ಕ್ಷೌರಿಕರು ಹಳ್ಳಿಯ ಆಯಗಾರರಲ್ಲಿ ಒಬ್ಬರಾಗಿ ಸುಗ್ಗಿಯಲ್ಲಿ ಧಾನ್ಯ ಪಡೆಯುತ್ತಿದ್ದರು. ಕತ್ತಿಯನ್ನು ಕೊಳ್ಳುವ, ಮಸೆಯುವ ಭಾರವೆಲ್ಲ ಅವರದಾಗಿದ್ದಿತು. ಈಗ ಅಂಗಡಿಗಳಲ್ಲಿ ಅರ್ಧ ಬ್ಲೇಡನ್ನು ಸಿಕ್ಕಿಸುವ ಕತ್ತಿಯು ಬಳಕೆಗೆ ಬಂದಿರುವುದು. ರಕ್ತದ ಮೂಲಕ ಹರಡುವ ರೋಗಗಳಿರುವುದರಿಂದ ಪ್ರತಿಯೊಬ್ಬರಿಗೂ ಹೊಸ ಬ್ಲೇಡೇ ಯುಕ್ತವು. ಮಹದೇಶ್ವರನ ಬೆಟ್ಟದಲ್ಲಿ ಮುಡಿ ಕೊಡುವವರೂ ಇದನ್ನು ಕೇಳಿ ಪಡೆಯತಕ್ಕದ್ದು. ಹಳೆಯ ರೀತಿಯ ಕತ್ತಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವವನು ಅದನ್ನು ಮತ್ತೊಬ್ಬರಿಗೆ ಕೊಡಲೂ ಕೂಡದು.

ಇಂತಹ ಕತ್ತಿಗೆ ಅದರ ಬೆಲೆಯೊಂದೇ ವೆಚ್ಚವಲ್ಲ. ಪ್ರತಿಸಲವೂ ಕ್ಷೌರಕ್ಕೆ ಮೊದಲು ಚರ್ಮದ ಪಟ್ಟಿಯ ಮೇಲೆ ಮೂವತ್ತು ನಲವತ್ತು ಸಲ, ಬೆನ್ನು ಮುಂದಾಗಿ, ಎಳೆಯಬೇಕು. ಕೆಲವು ತಿಂಗಳಿಗೊಮ್ಮೆ ನಯವಾದ ಸಾಣೆಕಲ್ಲಿನ ಮೇಲೆ ಧಾರೆ ಕಟ್ಟಬೇಕು. ಇವಿಲ್ಲದೆ ಬೆಲೆಬಾಳುವ ಕತ್ತಿಯೂ ಬೇಗನೆ ಮೊಂಡಾಗಿ ಕೆನ್ನೆಯನ್ನು ಕೀಳುವುದು. ಆದಕಾರಣ ಕೈಯಲ್ಲಿರುವ ಹಣದಲ್ಲಿ ಅರ್ಧವನ್ನು ಮಾತ್ರ ಕತ್ತಿಗಿಟ್ಟು, ಉಳಿದರ್ಧವನ್ನು ಪಟ್ಟಿಗೂ ಕಲ್ಲಿಗೂ ಮೀಸಲಿಡುವುದು ಲೇಸೆಂದು ನಮ್ಮ ಮತ.

ಇನ್ನು ಕತ್ತಿಯ ಗುಣ. ಇಂಗ್ಲೆಂಡಿನ ಶೆಫೀಲ್ಡು, ಜರ್ಮನಿಯ ಸೋಲಿಂಗನ್ ಪಟ್ಟಣಗಳು ಈ ಕೆಲಸಕ್ಕೆ ಹೆಸರಾದವು. ಸೋಲಿಂಗನ್ ಎಂಬ ಹೆಸರಿಗೆ 1938ರಲ್ಲಿ ಕಾನೂನಿನ ರಕ್ಷಣೆಯೂ ದೊರೆಯಿತು. ಹಣವು ಸಲ್ಲಬೇಕಾದುದು ಉಕ್ಕಿಗೆ, ಅದರ ಹದಕ್ಕೆ ಮತ್ತು ಅಲಗನ್ನು ತೆಳುವಾಗಿ ತೇದ ಕೈಗೆಲಸಕ್ಕೆ. ದಂತದ ಹಿಡಿ, ಚಿನ್ನದ ಬಣ್ಣದ ಚಿತ್ರ, ಇವು ಒಂದು ಕೂದಲನ್ನೂ ಕತ್ತರಿಸಲಾರವು. ಅಲಗನ್ನು ಗಾಜಿನ ಹಲಗೆಯ ಮೇಲೆ ಮೆಲ್ಲನೆ ಮಲಗಿಸಿದರೆ ಬೆನ್ನೂ ಧಾರೆಯೂ ಉದ್ದಕ್ಕೂ ತಾಗಿರಬೇಕು. ಅಲಗು ಓಲಾಡಿದರೆ ಅಥವಾ ಧಾರೆಯ ಬಳಿ ತುಕ್ಕಿನ ಗುಳಿ ಕಂಡರೆ, ಎಷ್ಟು ಅಗ್ಗವಾದರೂ ಬೇಡವೆನ್ನಬೇಕು.

ಲೆಕ್ಕವನ್ನೂ ನೋಡೋಣ. ಅಂಗಡಿಯಲ್ಲಿ ಒಂದು ಕ್ಷೌರಕ್ಕೆ 50 ರೂಪಾಯಿಯೆಂದು ಇಟ್ಟುಕೊಂಡರೆ, ವಾರಕ್ಕೆರಡು ಸಲದಂತೆ ವರ್ಷಕ್ಕೆ 5200 ರೂಪಾಯಿಯಾಗುವುದು. ಕತ್ತಿಯನ್ನು ಬಿಡದೆ ಬಳಸುವವನಿಗೆ ಹಾಕಿದ ಹಣವು ಬೇಗನೆ ಹಿಂದಿರುಗುವುದು. ಒಂದು ತಿಂಗಳಲ್ಲಿ ಬೇಸತ್ತು ಪೆಟ್ಟಿಗೆಯಲ್ಲಿಟ್ಟವನಿಗೆ ಕತ್ತಿಯ ಹಣವೂ ಹೋಯಿತು, ಅಂಗಡಿಯ ಹಣವೂ ತಪ್ಪದು. ಆದುದರಿಂದ ಕತ್ತಿಯ ಬೆಲೆಗಿಂತ ಮೊದಲು ತನ್ನ ಅಭ್ಯಾಸವನ್ನು ಪರೀಕ್ಷಿಸಿಕೊಳ್ಳಬೇಕು.

ನಮ್ಮ ಮಿತ್ರರಿಗೆ ನಾವು ಹೇಳುವುದಿಷ್ಟು. ಮೊದಲು ಮಗಳ ಶಾಲೆಯ ಹಣವನ್ನು ಎತ್ತಿಡಲಿ. ಬಳಿಕ ಮನೆಯ ಹಳೆಯ ಪೆಟ್ಟಿಗೆಯನ್ನು ಹುಡುಕಲಿ; ತಾತನವರ ಕತ್ತಿಯೇನಾದರೂ ದೊರೆತು ಅದರ ಧಾರೆಗೆ ತುಕ್ಕು ಹಿಡಿಯದಿದ್ದರೆ ಮಸೆಯುವ ಕೂಲಿಯೊಂದೇ ಸಾಕು. ದೊರೆಯದಿದ್ದರೆ ಬ್ಲೇಡು ಸಿಕ್ಕಿಸುವ ಅಗ್ಗದ ಕತ್ತಿಯಿಂದ ಒಂದು ತಿಂಗಳು ಕೈಯನ್ನು ಪಳಗಿಸಲಿ. ಆಮೇಲೂ ಆಸಕ್ತಿಯು ಕುಂದದಿದ್ದರೆ, ಉಳಿದ ಹಣವು 4000 ರೂಪಾಯಿಯಾದಲ್ಲಿ ಕತ್ತಿಗೆ 2000 ರೂಪಾಯಿಯನ್ನು ಮೀರದಿರಲಿ. ಅಷ್ಟಕ್ಕೆ ಒಳ್ಳೆಯದು ಸಿಕ್ಕದಿದ್ದರೆ ಸಾಲ ಮಾಡದೆ ಮುಂದಿನ ವರ್ಷದವರೆಗೆ ಕಾಯಲಿ, ಗಡ್ಡವೇನೂ ಓಡಿಹೋಗದು. ಕೊಂಡ ಮೇಲೆ ಒರಸಿ, ಎಣ್ಣೆಯ ಪಸೆ ಸವರಿ, ಮಕ್ಕಳ ಕೈಗೆ ಎಟುಕದಂತೆ ಇಡಲಿ. ಈ ಲೆಕ್ಕವನ್ನು ದಂಪತಿಗಳಿಬ್ಬರೂ ಒಟ್ಟಿಗೆ ಕುಳಿತು ನೋಡಬೇಕೆಂದು ನಮ್ಮ ಕೋರಿಕೆ.