ಆಸ್ಪತ್ರೆಯಲ್ಲಿ ಬಿಟ್ಟು ಹೋಗುವುದು ಕೊನೆ ಹಂತ. ಕಡೆಗಣನೆ ಶುರುವಾಗುವುದು ಮನೆಯಲ್ಲೇ

ಹೇಮಗುಡ್ಡ: ದಸರಾ ಬಂತೆಂದರೆ ಹೇಮಗುಡ್ಡದ ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ಸುತ್ತಲಿನ ಹಳ್ಳಿಗಳ ಜನ ಸೇರುತ್ತಾರೆ, ಆನೆ ಮೇಲೆ ಅಂಬಾರಿ ಹೊರಡುತ್ತದೆ. ದುಡಿಯಲು ಬೆಂಗಳೂರು, ಮಂಗಳೂರು ಕಡೆ ಹೋದ ಮಕ್ಕಳೂ ಊರಿಗೆ ಬರುತ್ತಾರೆ. ಆಸುಪಾಸಿನಲ್ಲೇ, ಅಕ್ಟೋಬರ್ 1ಕ್ಕೆ ಹಿರಿಯ ನಾಗರಿಕರ ದಿನ. ವೇದಿಕೆ ಮೇಲೆ ಶಾಲು, ಹಾರ ಎಲ್ಲಾ ಆಗುತ್ತದೆ. ಆದರೆ ಉಳಿದ ದಿನ ಪಡಸಾಲೆ ಮೂಲೆಯಲ್ಲಿ ಕೂತ ಅಜ್ಜ-ಅಜ್ಜಿಯನ್ನು ಯಾರು ನೋಡ್ತಾರೆ?

ಈ ಪ್ರಶ್ನೆಗೆ ಕಾರಣವಿದೆ. ಬೆಳಗಾವಿಯ ಬಿಮ್ಸ್ ಆಸ್ಪತ್ರೆ ಒಂದರಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನು ಮಕ್ಕಳು ಬಿಟ್ಟು ಹೋಗಿದ್ದಾರೆ ಎಂಬ ಸಂಗತಿ 2025ರ ಮಾರ್ಚ್‌ನಲ್ಲಿ ಹೊರಬಂತು. ಅಂಥ ಮಕ್ಕಳ ಹೆಸರಿಗಾದ ಆಸ್ತಿ, ಉಯಿಲು ರದ್ದು ಮಾಡಿಸಲು ಕ್ರಮ ತೆಗೆದುಕೊಳ್ಳಿ ಎಂದು ವೈದ್ಯಕೀಯ ಶಿಕ್ಷಣ ಸಚಿವ ಡಾ. ಶರಣಪ್ರಕಾಶ ಪಾಟೀಲ ಸೂಚಿಸಿದರು. ಸುದ್ದಿ ಓದಿ ಎಲ್ಲರೂ ಮಕ್ಕಳಿಗೆ ಬೈದೆವು. ಆದರೆ ಯಾರೂ ಒಂದೇ ದಿನದಲ್ಲಿ ತಾಯಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಓಡುವುದಿಲ್ಲ. ಅದಕ್ಕೂ ಮೊದಲು ತಿಂಗಳುಗಟ್ಟಲೆ ಮನೆಯಲ್ಲಿ ಏನೋ ನಡೆದಿರುತ್ತದೆ. ಅದು ಓಣಿಯವರ ಕಣ್ಣಿಗೂ ಬಿದ್ದಿರುತ್ತದೆ.

ಅಂಗಡಿಯವರಿಗೇ ಮೊದಲು ಗೊತ್ತಾಗುತ್ತದೆ

ತಿಂಗಳಿಗೊಮ್ಮೆ ಬಿಪಿ ಗುಳಿಗೆ ಒಯ್ಯುತ್ತಿದ್ದ ಅಜ್ಜ ಎರಡು ತಿಂಗಳಿಂದ ಬಂದಿಲ್ಲ. ಪಿಂಚಣಿ ಬಂದ ದಿನ ಪಾಸ್‌ಬುಕ್ ಹಿಡಿದು ಮಗ ಒಬ್ಬನೇ ಬರ್ತಾನೆ. ಅಜ್ಜಿ ಎಲೆ-ಅಡಿಕೆಗೂ ಕೈ ಚಾಚುತ್ತಾಳೆ. ಇಂಥವು ಕಿರಾಣಿ, ಮೆಡಿಕಲ್, ಚಹಾ ಅಂಗಡಿಯವರ ಕಣ್ಣಿಗೆ ಬೀಳುತ್ತವೆ. ಜೊತೆಗೆ ಇವನ್ನೂ ಗಮನಿಸಿ:

- ದಿನೇ ದಿನೇ ಇಳಿಯುವ ತೂಕ, ಹೊಲಸು ಬಟ್ಟೆ, ಮೈಮೇಲೆ ಹಾಸಿಗೆ ಹುಣ್ಣು
- ಕಾರಣ ಹೇಳದ ಗಾಯ, ಬಾವು
- ಮಾತಾಡಿಸಿದರೆ ಮನೆಯವರ ಮುಖ ನೋಡುವುದು, ಉತ್ತರ ಮನೆಯವರೇ ಕೊಡುವುದು
- ಮದುವೆ, ಜಾತ್ರೆ, ಕಟ್ಟೆ ಎಲ್ಲಿಗೂ ಕಳಿಸದಿರುವುದು

ಒಂದು ಲಕ್ಷಣ ಕಂಡಾಕ್ಷಣ ತಪ್ಪು ಹೊರಿಸಬೇಡಿ. ವಯಸ್ಸಾದವರ ಚರ್ಮ ಸಣ್ಣ ಪೆಟ್ಟಿಗೂ ಕಪ್ಪಾಗುತ್ತದೆ, ಚೆನ್ನಾಗಿ ನೋಡಿಕೊಂಡರೂ ಹುಣ್ಣಾಗಬಹುದು. ಆದರೆ ಎರಡು-ಮೂರು ಒಟ್ಟಿಗೆ ಕಂಡರೆ ಸುಮ್ಮನಿರಬಾರದು. ಮನೆಯವರಿಲ್ಲದಾಗ ಕೇಳಿ: "ಹೊಟ್ಟಿ ತುಂಬ ಉಂಡಿಯೇನವ್ವಾ? ರೊಕ್ಕ ಯಾರ ಕೈಯಾಗ ಐತಿ?" ಬೀದಿಯಲ್ಲಿ ನಿಂತು ಮಗನ ಜೊತೆ ಜಗಳಕ್ಕಿಳಿಯಬೇಡಿ. ನೀವು ಹೋದ ಮೇಲೆ ಅದರ ಸಿಟ್ಟು ತೀರುವುದು ಆ ಮುದುಕಿಯ ಮೇಲೆ.

ನೋಡಿಕೊಳ್ಳುವವರ ಪಾಡೂ ಕೇಳಿ

ಕುಷ್ಟಗಿ, ಯಲಬುರ್ಗಾ ಕಡೆ ಮಳೆ ಕೈಕೊಟ್ಟರೆ ಗುಳೆ. ಗಂಗಾವತಿ ಭಾಗದಲ್ಲಿ ಕಾಲುವೆ ನೀರಿದ್ದರೆ ಭತ್ತ, ಇಲ್ಲದಿದ್ದರೆ ಸಾಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂನ 19ನೇ ಗೇಟು ಕೊಚ್ಚಿ ಹೋದಾಗ ಎಷ್ಟು ಮನೆಗಳ ನಿದ್ದೆ ಕೆಟ್ಟಿತ್ತು ಎಂಬುದು ನಮಗೆಲ್ಲ ಗೊತ್ತು. ಇಂಥ ಒತ್ತಡ ಕೊನೆಗೆ ಇಳಿಯುವುದು ಮನೆಯಲ್ಲಿ ತಿರುಗಿ ಮಾತಾಡಲಾಗದವರ ಮೇಲೆ.

ಹಾಸಿಗೆ ಹಿಡಿದವರ ಸೇವೆ ಹೆಚ್ಚಾಗಿ ಸೊಸೆ ಇಲ್ಲವೇ ಮಗಳ ಪಾಲಿಗೆ ಬರುತ್ತದೆ. ಹಗಲು ಕೂಲಿ, ರಾತ್ರಿ ಮೂರು ಸಲ ಎದ್ದು ಬಟ್ಟೆ ಬದಲಿಸುವುದು. ಮರೆವಿನ ಕಾಯಿಲೆ ಇದ್ದವರು ಒಂದೇ ಮಾತು ಹತ್ತು ಸಲ ಕೇಳ್ತಾರೆ. "ಬೇಕಂತ ಹಟ ಮಾಡ್ತಾಳ" ಅನ್ನಿಸುತ್ತದೆ. ಆದರೆ ಅದು ಹಟವಲ್ಲ, ರೋಗ. ನಿದ್ದೆ ಇಲ್ಲದಿರುವುದು, ಸಣ್ಣದಕ್ಕೂ ಸಿಡುಕು, ಒಬ್ಬರೇ ಇದ್ದಾಗ ಅಳು, "ಹೋದ್ರ ಸಾಕಪ್ಪಾ" ಎಂಬ ಮಾತು ಇವೆಲ್ಲ ಸಾಕಾಗಿ ಹೋದದ್ದರ ಗುರುತು. ಕೈ ಎತ್ತಬೇಕು ಅನ್ನಿಸಿದಾಗ ಹೊರಗೆ ಬಂದು ಐದು ನಿಮಿಷ ಕೂಡ್ರಿ, ಪಕ್ಕದವರನ್ನು ಕರೆಯಿರಿ. ದಣಿವು ಕಾರಣವಾಗಬಹುದು, ಹೊಡೆಯಲು ಪರವಾನಗಿ ಅಲ್ಲ.

ಊರಾಚೆ ಇರುವ ಅಣ್ಣ-ತಮ್ಮಂದಿರು ರೊಕ್ಕ ಕಳಿಸಿದರೆ ಪಾಲು ಮುಗಿಯಿತು ಅಂದುಕೊಳ್ಳಬಾರದು. ವರ್ಷಕ್ಕೆ ಹದಿನೈದು ದಿನವಾದರೂ ಬಂದು ರಾತ್ರಿ ಪಾಳಿ ಮಾಡಲಿ. ಮನಸ್ಸು ತಡೆಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಇದು ಉಚಿತ, ಹಗಲು-ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕಾನೂನು ಏನು ಹೇಳುತ್ತದೆ?

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಪ್ರಕಾರ ತಂದೆ-ತಾಯಿ ಮಕ್ಕಳಿಂದ ಪೋಷಣೆ ಕೇಳಬಹುದು. ಮಕ್ಕಳಿಲ್ಲದ, 60 ದಾಟಿದವರು ತಮ್ಮ ಆಸ್ತಿ ಪಡೆದ ಸಂಬಂಧಿಕರಿಂದ ಕೇಳಬಹುದು. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿ ಮುಂದೆ. ವಕೀಲರೇ ಬೇಕೆಂದಿಲ್ಲ. ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ಬೇಕೆಂದೇ ಬಿಟ್ಟು ಹೋದರೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇಲ್ಲೊಂದು ಮಾತು ಮುಖ್ಯ. ಉಯಿಲನ್ನು ಬರೆದವರೇ ಬದುಕಿರುವತನಕ ಯಾವಾಗ ಬೇಕಾದರೂ ಬದಲಿಸಬಹುದು. ತೊಂದರೆ ಆಗುವುದು ದಾನಪತ್ರದಲ್ಲಿ. ಹೊಲ, ಮನೆ ಮಕ್ಕಳ ಹೆಸರಿಗೆ ಮಾಡುವಾಗ "ನನ್ನನ್ನು ಕೊನೆತನಕ ನೋಡಿಕೊಳ್ಳಬೇಕು" ಎಂಬ ಷರತ್ತು ಪತ್ರದಲ್ಲೇ ಬರೆಸಿ. ಮಕ್ಕಳು ಅದನ್ನು ಮುರಿದರೆ ಸೆಕ್ಷನ್ 23ರಡಿ ಪತ್ರ ರದ್ದು ಕೇಳಲು ಅದೇ ಆಧಾರ. ಬಾಯಿಮಾತಿನ ಭರವಸೆ ನಂಬಿ ಸಹಿ ಹಾಕಬೇಡಿ.

ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಜೀವಕ್ಕೆ ಅಪಾಯ ಇದ್ದರೆ 112. ಅಂಗಡಿ ಗಲ್ಲಾಪೆಟ್ಟಿಗೆ ಪಕ್ಕ ಈ ನಂಬರ್‌ಗಳನ್ನು ದೊಡ್ಡದಾಗಿ ಬರೆದು ಅಂಟಿಸಿರಿ. ಆಮೇಲೆ ಎರಡು ತಿಂಗಳಿಂದ ಗುಳಿಗೆಗೆ ಬರದ ಅಜ್ಜನ ಮನೆ ಕಡೆ ಇವತ್ತು ಸಂಜೆ ಒಮ್ಮೆ ಹೋಗಿ ಬನ್ನಿ.