ಮನಿ ಡಬ್ಬಿಗೆ ಹೆಸರು ಯಾರದು, ಕೀಲಿಕೈ ಯಾರ ಕಡೆ?

ಅಕ್ಕಾರ, ತಂಗ್ಯಾರ, ವೈನ್ಯಾರ, ನನ್ನ ಮಾತು ಮೊದ್ಲ ಹೇಳಿಬಿಡ್ತೀನಿ. ಮನಿಮಂದಿ ಫೋಟೊ, ಕಾಗದಪತ್ರ ಎಲ್ಲಾ ಇಡೋ ಡಬ್ಬಿ ತಂದ ದಿನ ಅದನ್ನ ಮೂಲ್ಯಾಗ ಸಿಗಿಸಿ, "ಆತು, ಎಲ್ಲಾ ಸೆಟ್ ಮಾಡೀನಿ" ಅಂತ ಹುಡುಗರು ಎದ್ದು ಹೋಗೋಕಿಂತ ಮೊದ್ಲ ಹೆಣ್ಮಕ್ಕಳು ಕುಂತು ಎರಡು ಕಟ್ಟಳೆ ಬರಿಸಬೇಕು. ಒಂದು, ಯಾವುದಕ್ಕ ಏನು ಹೆಸರು. ಎರಡು, ಯಾರಿಗೆ ನೋಡೋ ಹಕ್ಕು, ಯಾರಿಗೆ ಇಡೋ ಹಕ್ಕು, ಯಾರಿಗೆ ಅಳಿಸೋ ಹಕ್ಕು. ಇದು ಕಂಪ್ಯೂಟರ್ ಕಲಿತವರ ವಿಷಯ ಅಲ್ರಿ, ಮನಿ ನಡಸೋರ ವಿಷಯ.

ಡಬ್ಬಿ ಅಂದ್ರ ಏನು ಅಂತ ಕೇಳೋರಿಗೆ ಎರಡು ಮಾತು. ಒಂದೋ ಎರಡೋ ಹಾರ್ಡ್ ಡಿಸ್ಕ್ ಇರೋ ಸಣ್ಣ ಪೆಟಿಗಿ. ವೈಫೈ ಪೆಟಿಗಿಗೆ ಒಂದು ವೈರ್ ಜೋಡಿಸಿದ್ರ ಮನ್ಯಾಗಿನ ಎಲ್ಲಾ ಫೋನಿನವರೂ ಅದರಾಗ ಇಡಬಹುದು, ತಗೀಬಹುದು. ನ್ಯಾಸ್ ಅಂತಾರ ಅದಕ್ಕ. ಈಗೀಗ ಇದು ನಮ್ಮ ಕಡೆ ಮನಿಗೂ ಬರಾಕತ್ತೈತಿ. ಯಾಕಂದ್ರ 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನ್ಯಾಗ ಬೇಕಾದಷ್ಟು ಫೋಟೊ ಪುಕ್ಕಟೆ ಇಡೋದು ನಿಂತೈತಿ. ಮೇಲ್, ಫೋಟೊ ಎಲ್ಲಾ ಸೇರಿ 15 ಜಿಬಿ ಅಷ್ಟ. ಒಂದು ಮದುವಿ, ಒಂದು ಸೀಮಂತ, ಒಂದು ಗವಿಮಠದ ಜಾತ್ರಿ ವಿಡಿಯೊ ಬಂದ್ರ ಅದು ತುಂಬಿಬಿಡತೈತಿ. ಕೊಪ್ಪಳದಾಗ ಒಂದು ಮನಿ, ಗಂಗಾವತಿಯಾಗ ತವರು, ಕುಷ್ಟಗಿಗೆ ಕೊಟ್ಟ ತಂಗಿ, ಯಲಬುರ್ಗಾದಾಗ ಹೊಲ ಇದ್ದವರಿಗೆ ಒಂದ ಡಬ್ಬಿ ನಾಕು ಮನಿಗೂ ಆಗತೈತಿ.

ಡಿಫಾಲ್ಟ್ ಅನ್ನೋ ಶಬ್ದ ಕೇಳಿ ಹೆದರಬ್ಯಾಡ್ರಿ. ಯಾರೂ ಏನೂ ಹೇಳದಿದ್ರ ತಾನಾಗೇ ನಡಿಯೋ ರೂಢಿಗೆ ಡಿಫಾಲ್ಟ್ ಅಂತಾರ. ಆ ರೂಢಿ ನಮ್ಮ ಪಾಲಿಗೆ ಎಷ್ಟು ದೊಡ್ಡದು ಅನ್ನೋದು ರೇಷನ್ ಕಾರ್ಡಿನ್ಯಾಗ ನೋಡೀವಿ. ಮೊದ್ಲ ಯಜಮಾನ ಅಂದ್ರ ಗಂಡಸು, ಅದನ್ನ ಯಾರೂ ಕೇಳ್ತಿರಲಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಬಂದು, ಮನ್ಯಾಗ 18 ವರ್ಷ ತುಂಬಿದ ಹಿರಿ ಹೆಣ್ಮಗಳೇ ಕಾರ್ಡಿಗೆ ಯಜಮಾನಿ ಅಂತ ರೂಢಿ ತಿರುಗಿಸ್ತು. ಅದರ ಮ್ಯಾಲೇ 2023ರಾಗ ಗೃಹಲಕ್ಷ್ಮಿ ದುಡ್ಡು ತಿಂಗಳಿಗೆ 2000 ರೂಪಾಯಿ ಯಜಮಾನಿ ಖಾತೆಗೆ ಬರಾಕ ಹತ್ತಿತು. ಕಾರ್ಡ್ ಹಳೇದ ಅದ, ಮನಿ ಹಳೇದ ಅದ, ಹೆಸರಿನ ಸಾಲು ಒಂದು ಬದಲಾತು. ಡಬ್ಬಿಗೂ ಇದ ಮಾತು. ಮೊದಲ ದಿನ ಬರದ ಸಾಲು ಮುಂದ ಹತ್ತು ವರ್ಷ ನಡೀತೈತಿ.

ಈಗ ಹೆಸರಿನ ವಿಷಯ. ತವರಿಂದ ಬಂದ ಭಾಂಡೆ ಮ್ಯಾಲ ಹೆಸರು ಯಾಕ ಹಾಕಿಸ್ತೀವಿ? ನಾಕು ಮನಿ ಸಾಮಾನು ಒಂದು ಅಡಿಗಿಮನಿಗೆ ಬಂದಾಗ ಯಾವ ಕೊಡ ಯಾರದು ಅಂತ ಜಗಳ ಆಗಬಾರದು ಅಂತ. ವೈಫೈ ಪೆಟಿಗಿ ಪಟ್ಟಿ ತಗದು ನೋಡ್ರಿ, ಎಲ್ಲಾ ಫೋನೂ ಕಂಪನಿ ಹೆಸರು, ಮಾಡಲ್ ನಂಬರಿನ ಮ್ಯಾಲ ಇರತಾವು. ಒಂದ ಕಂಪನಿ ಮೂರು ಫೋನ್ ಇದ್ರ ಯಾವುದು ಯಾರದು? ಅದರ ಮ್ಯಾಲ, ಆಂಡ್ರಾಯ್ಡ್ 10ರಿಂದ ಈಚೆಗಿನ ಫೋನು ವೈಫೈಗೆ ತಮ್ಮ ಖರೆ ಗುರುತು ಕೊಡದ ಒಂದು ತೋರಿಕಿ ಗುರುತು ಕೊಡತಾವು. ಊರಾಗಿನ ಹೊರಗಿನ ವೈಫೈಗೆ ಅದು ಛಲೋ. ಮನಿ ವೈಫೈಗೆ ಮಾತ್ರ ಅದನ್ನ ಬಂದ್ ಮಾಡಿಟ್ರ ಪಟ್ಟ್ಯಾಗ ನಮ್ಮ ಫೋನು ಯಾವುದು, ಹೊರಗಿನದು ಯಾವುದು ಅಂತ ತಿಳೀತೈತಿ.

ಹೆಸರಿಡಾಕ ನನ್ನ ಕಟ್ಟಳೆ ಹಿಂಗ ಐತಿ. ಡಬ್ಬಿಗೆ ಮನಷಾರ ಹೆಸರು ಬ್ಯಾಡ, ಮನೆತನದ ಹೆಸರೂ ಬ್ಯಾಡ, ಫೋನ್ ನಂಬರಂತೂ ಬ್ಯಾಡೇ ಬ್ಯಾಡ. ಹಗೇವು ಅಂತ ಇಡ್ರಿ, ಕಣಜ ಅಂತ ಇಡ್ರಿ. ಇಂಗ್ಲಿಷ್ ಅಕ್ಷರದಾಗ, ನಡುವ ಜಾಗ ಬಿಡದ, 15 ಅಕ್ಷರದ ಒಳಗ ಇರಲಿ. ಹಳೇ ವಿಂಡೋಸ್ ಪದ್ಧತಿಗೆ ಅದಕ್ಕಿಂತ ಉದ್ದ ಹೆಸರು ಹಿಡಿಸಂಗಿಲ್ಲ. ಒಮ್ಮೆ ಇಟ್ಟ ಹೆಸರು ತಿರುಗಿ ಬದಲಿಸಬ್ಯಾಡ್ರಿ. ಆ ಹೆಸರು ಹಿಡಕೊಂಡು ಡಬ್ಬಿ ಹುಡುಕೋ ಫೋನು, ಕಂಪ್ಯೂಟರಿಗೆ ಮನಿ ಸಿಗಂಗಿಲ್ಲ, ಫೋಟೊ ಹೋಗೋದು ನಿಂತದ್ದು ಯಾರಿಗೂ ತಿಳಿಯಂಗಿಲ್ಲ.

ಮಂದಿ ಖಾತೆಗೆ ಮಾತ್ರ ಅವರವರ ಸ್ವಂತ ಹೆಸರೇ ಇರಬೇಕು. ಅವ್ವ, ಅತ್ತಿ, ವೈನಿ ಅಂತ ಬರಿಬ್ಯಾಡ್ರಿ. ನನಗ ಅತ್ತಿ ಆದಾಕಿ ನನ್ನ ಗಂಡಗ ಅವ್ವ, ಆಕಿ ತಮ್ಮಗ ಅಕ್ಕ. ನಾಕು ಮನಿ ಡಬ್ಬಿಯಾಗ ಅತ್ತಿ ಅಂದ್ರ ನಾಕು ಮಂದಿ ಓ ಅಂತಾರ. ಇನ್ನೊಂದು ಮಾತೂ ಐತಿ. ನಾವು ಗಂಡನ ಹೆಸರು ಹೇಳಾಕ ಒಡಪು ಕಟ್ಟಿದ ಮಂದಿ, ಆದ್ರ ನಮ್ಮ ಹೆಸರು ಹಿಡದು ಕರೆಯೋರು ಎಷ್ಟು ಮಂದಿ ಅದಾರ? ಇಕಿ, ಏ ಇವಳ, ಇಂಥವರ ಹೇಣ್ತಿ, ಇಂಥವರ ಅವ್ವ. ಡಬ್ಬಿ ಒಳಗರೆ ನಿಮ್ಮ ಹೆಸರು ಪೂರಾ ಇರಲಿ. ಆದ್ರ ಫೋನಿನ ಬ್ಲೂಟೂತ್‌ಗೆ, ಹಾಟ್‌ಸ್ಪಾಟ್‌ಗೆ ಪೂರಾ ಹೆಸರು ಇಡಬ್ಯಾಡ್ರಿ, ಅದು ಬಸ್ಸಿನ್ಯಾಗ ಬಾಜೂಕ ಕುಂತವಗೂ ಕಾಣತೈತಿ. ಬಾಗಿಲಕ್ಕ ಒಂದು ಹೆಸರು, ಒಳಗ ಒಂದು ಹೆಸರು.

ಕಾಗದಪತ್ರದ ಫೈಲಿಗೂ ಹೆಸರಿನ ಕಟ್ಟಳೆ ಬೇಕು. ನಮ್ಮ ಜಿಲ್ಲೆಯವರಿಗೆ ಇದು ಬ್ಯಾರೆಯವರಿಗಿಂತ ಜಾಸ್ತಿ ಬೇಕು. ಕೊಪ್ಪಳ ಜಿಲ್ಲೆ ಆದದ್ದು 1997ರಾಗ. ಅದಕ್ಕಿಂತ ಹಿಂದಿನ ನಮ್ಮ ಕಾಗದದ ಮ್ಯಾಲೆಲ್ಲಾ ರಾಯಚೂರು ಜಿಲ್ಲೆ ಅಂತಿರತೈತಿ. ಆಮ್ಯಾಲ ಯಲಬುರ್ಗಾದಿಂದ ಕುಕನೂರು, ಗಂಗಾವತಿಯಿಂದ ಕಾರಟಗಿ, ಕನಕಗಿರಿ ಬ್ಯಾರೆ ತಾಲೂಕು ಆದವು. ಒಂದ ಹೊಲದ ಹಳೇ ಉತಾರ ಒಂದು ತಾಲೂಕು, ಹೊಸ ಉತಾರ ಇನ್ನೊಂದು ತಾಲೂಕು ಹೇಳತೈತಿ. ಜಿಲ್ಲೆ, ತಾಲೂಕು ಹಿಡದು ಫೋಲ್ಡರ್ ಮಾಡಿದ್ರ ಹುಡುಕಿ ಹುಡುಕಿ ಸಾಕಾಗತೈತಿ. ಮೊದ್ಲ ವರ್ಷ, ತಿಂಗಳು, ತಾರೀಖು, ಆಮ್ಯಾಲ ಹಳ್ಳಿ ಹೆಸರು, ಆಮ್ಯಾಲ ಸರ್ವೆ ನಂಬರ್ ಇಲ್ಲಾ ಮನಷಾರ ಹೆಸರು, ಕಡೀಕ ಅದು ಏನು ಅನ್ನೋದು. ವರ್ಷ ಮುಂದ ಇದ್ರ ಹಳೇದು ಮ್ಯಾಲ, ಹೊಸಾದು ಕೆಳಗ ತಾನಾಗೇ ಸಾಲಾಗಿ ನಿಂದರತಾವು. ಹಳ್ಳಿ ಹೆಸರು ಯಾವ ಸರ್ಕಾರ ಬಂದ್ರೂ ಅದ ಇರತೈತಿ.

ಇನ್ನ ಹಕ್ಕಿನ ವಿಷಯ. ನಮ್ಮ ಹಿರ್‍ಯಾರು ಜ್ವಾಳ ಇಡೋ ಹಗೇವಿಗೂ ಕಟ್ಟಳೆ ಇಟ್ಟಿದ್ರು. ಬಾಯಿ ತೆಗದ ಕೂಡ್ಲೇ ಯಾರೂ ಇಳಿಯಂಗಿಲ್ಲ, ಕೆಟ್ಟ ಗಾಳಿ ಹೊರಗ ಹೋಗಬೇಕು. ಒಬ್ಬರೇ ಇಳಿಯಂಗಿಲ್ಲ, ಮ್ಯಾಲ ಒಬ್ಬರು ನಿಂತಿರಬೇಕು. ಮನಿದ ಹಗೇವು ಅಂತ ಯಾರರೆ ಹೆಂಗರೆ ಇಳದ್ರ ಜೀವಾನ ಹೋಗ್ತಿತ್ತು. ನಮ್ಮದ ಅಂದ್ರ ಕಟ್ಟಳೆ ಬ್ಯಾಡ ಅಂತಲ್ಲ.

ಡಬ್ಬಿಯಾಗ ಮೂರು ಜಾಗ ಮಾಡ್ರಿ. ಪಡಸಾಲಿ ಅಂತ ಒಂದು ಫೋಲ್ಡರ್, ಇಲ್ಲಿ ಎಲ್ಲಾರೂ ಇಡಬಹುದು, ತಗೀಬಹುದು. ಟ್ರಂಕು ಅಂತ ಒಂದು. ಎಲ್ಲಾರೂ ನೋಡಬಹುದು, ಅಳಿಸಾಕ ಬರಬಾರದು. ಇಲ್ಲೊಂದು ಸೂಕ್ಷ್ಮ ಐತಿ. ಸಾಮಾನ್ಯ ಡಬ್ಬಿಯಾಗ ಬರೆಯೋ ಹಕ್ಕು ಕೊಟ್ರ ಅಳಿಸೋ ಹಕ್ಕೂ ಅದರ ಜೋಡಿ ಹೋಗತೈತಿ. ಅದಕ್ಕ ಎಲ್ಲಾರೂ ಪಡಸಾಲ್ಯಾಗ ಇಡಲಿ, ವಾರಕ್ಕೊಮ್ಮೆ ಇಬ್ಬರು ಅದನ್ನ ಟ್ರಂಕಿಗೆ ಸಾಗಿಸಲಿ. ಆ ಇಬ್ಬರಾಗ ಒಬ್ಬಾಕಿ ಹೆಣ್ಮಗಳು ಇರಲೇಬೇಕು. ಮೂರನೇದು, ಒಬ್ಬೊಬ್ಬರಿಗೆ ಒಂದೊಂದು ಕೋಲಿ. ಅದು ಅವರದಷ್ಟ.

"ಮನ್ಯಾಗ ಏನು ಮುಚ್ಚುಮರಿ?" ಅಂತ ಕೇಳೋರು ಅದಾರ. ಮುಚ್ಚುಮರಿ ಅಲ್ರಿ. ದವಾಖಾನಿ ರಿಪೋರ್ಟು, ಸ್ಕ್ಯಾನು, ಬಾಣಂತಿ ಫೋಟೊ, ಕೂಸಿಗೆ ಮೊಲಿ ಕೊಡೋದು, ಗೆಳತಿ ಕಳಿಸಿದ್ದು, ಬ್ಯಾಂಕಿನ ಪಾಸ್‌ಬುಕ್ಕು, ಹುಡುಗಿಗೆ ಬಂದ ಸಂಬಂಧದವರ ಫೋಟೊ. ಫೋನು ಎಲ್ಲಾ ಫೋಟೊನೂ ತಾನಾಗೇ ಡಬ್ಬಿಗೆ ಕಳಸತೈತಿ, ಇದು ಸೊಸಿದು ಅದು ಮನಿದು ಅಂತ ಅದಕ್ಕ ತಿಳಿಯಂಗಿಲ್ಲ. ಎಲ್ಲಾ ಒಂದ ಫೋಲ್ಡರಿಗೆ ಬಿದ್ರ ಪಡಸಾಲಿ ಟಿವಿ ಮ್ಯಾಲ ಮಾವನ ಮುಂದ ತಾನಾಗೇ ಬಂದು ನಿಂದರತೈತಿ. ಅದಕ್ಕ ರೂಢಿ ಹಿಂಗ ಇರಲಿ: ಫೋನಿನ ಫೋಟೊ ಮೊದ್ಲ ಅವರವರ ಕೋಲಿಗೆ ಹೋಗಲಿ, ತೋರಸಬೇಕು ಅನಿಸಿದ್ದನ್ನ ಅವರೇ ಪಡಸಾಲಿಗೆ ತರಲಿ.

"ಎಲ್ಲಾರಿಗೂ ಒಂದ ಪಾಸ್‌ವರ್ಡ್ ಇದ್ರ ಸಸಾರ" ಅನ್ನೋದು ಇನ್ನೊಂದು ಮಾತು. ಸಸಾರ ಖರೆ. ಆದ್ರ ಒಂದು ದಿನ ಮದುವಿ ಆಲ್ಬಮ್ ಮಾಯ ಆತು ಅಂತ ತಿಳೀರಿ. ಯಾರು ಅಳಸಿದ್ರು? ಒಂದ ಹೆಸರಿನಾಗ ಎಲ್ಲಾರೂ ಒಳಗ ಹೋಗಿದ್ರ ಡಬ್ಬಿ ಹೇಳಾಕ ಬರಂಗಿಲ್ಲ. ಆಗ ಗೂಬಿ ಯಾರ ಮ್ಯಾಲ ಕೂಡ್ರಸತಾರ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಸೊಸಿ ಮ್ಯಾಲ, ಇಲ್ಲಾ ಸಣ್ಣ ಹುಡುಗರ ಮ್ಯಾಲ. ಬ್ಯಾರೆ ಬ್ಯಾರೆ ಖಾತೆ ಇದ್ರ ಯಾರು ಯಾವಾಗ ಏನು ಮಾಡಿದ್ರು ಅಂತ ಬರದಿಡಾಕ ಡಬ್ಬಿಗೆ ಬರತೈತಿ, ಆ ದಾಖಲೆ ಚಾಲೂ ಮಾಡಿಡ್ರಿ ಅಷ್ಟ. ಇದು ಒಬ್ಬರನ್ನ ಹಿಡಿಯಾಕ ಅಲ್ಲ, ತಪ್ಪು ಮಾಡದಾಕಿನ್ನ ಉಳಸಾಕ.

ಇವಿಷ್ಟು ಮೊದಲ ದಿನಾನ ಆಗಬೇಕು: ಗೆಸ್ಟ್ ಅನ್ನೋದು ಬಂದ್. ಕೆಲವು ಡಬ್ಬಿಯಾಗ ಪಬ್ಲಿಕ್ ಅಂತ ಒಂದು ಫೋಲ್ಡರ್ ಮೊದಲೇ ಎಲ್ಲಾರಿಗೂ ತೆರದಿರತೈತಿ, ಅದನ್ನ ಖಾಲಿ ಇಡ್ರಿ. ಹೊಸಾ ಖಾತೆ ಮಾಡಿದ್ರ ಅದಕ್ಕ ಪಡಸಾಲಿ ಬಿಟ್ರ ಯಾವ ಹಕ್ಕೂ ಇರಬಾರದು, ಬೇಕಾದದ್ದು ಆಮ್ಯಾಲ ಕೊಡೋಣ. ಅಳಿಸಿದ್ದು ತಿಂಗಳೊಪ್ಪತ್ತು ಉಳಿಯೋ ಹಂಗ ಕಸದ ಬುಟ್ಟಿ ಚಾಲೂ ಇರಲಿ. ಸಿನಾಲಜಿ ಡಬ್ಬಿ ಆದ್ರ ಒಂದು ನೆನಪಿಡ್ರಿ, ಅದರಾಗ "ಪ್ರವೇಶ ಇಲ್ಲ" ಅನ್ನೋ ಗುರುತು ಎಲ್ಲಾ ಹಕ್ಕಿಗಿಂತ ಜೋರು. ಇಡೀ ಮನಿ ಗುಂಪಿಗೆ ಅದನ್ನ ಹಾಕಿ ಆಮ್ಯಾಲ ಒಬ್ಬರಿಗೆ ಹಕ್ಕು ಕೊಟ್ರ ನಡಿಯಂಗಿಲ್ಲ.

ಎಲ್ಲಾದಕ್ಕಿಂತ ದೊಡ್ಡದು ಅಡ್ಮಿನ್ ಖಾತೆ. ಅದು ಇಡೀ ಮನಿ ಕೀಲಿಕೈ ಗೊಂಚಲ. ಖರೆ ಹೇಳ್ತೀನಿ, ಅಡ್ಮಿನ್ ಆದವಗ ನಿಮ್ಮ ಕೋಲಿನೂ ತೆಗಿಯಾಕ ಬರತೈತಿ. ಯಾರೂ ನೋಡಬಾರದ್ದು ಇದ್ರ ಬ್ಯಾರೆ ಗುಪ್ತ ಕೀಲಿ ಹಾಕೋ ಫೋಲ್ಡರ್ ಬೇಕು, ಇಲ್ಲಂದ್ರ ಅದನ್ನ ಡಬ್ಬಿಯಾಗ ಇಡಾಕ ಹೋಗಬ್ಯಾಡ್ರಿ. ಗೊಂಚಲ ಒಬ್ಬರ ಕಡೆ ಇರಬಾರದು. ಇಬ್ಬರು ಅಡ್ಮಿನ್ ಇರಲಿ, ಒಬ್ಬಾಕಿ ಹೆಣ್ಮಗಳು. ಇಬ್ಬರೂ ದಿನಾ ದಗದಕ್ಕ ತಮ್ಮ ಸಾದಾ ಖಾತೆ ಬಳಸಲಿ. ಅಡ್ಮಿನ್ ಪಾಸ್‌ವರ್ಡ್ ಒಂದು ಹಾಳ್ಯಾಗ ಬರದು, ಲಕೋಟಿ ಅಂಟಿಸಿ, ಬಂಗಾರ, ಬಾಂಡ್ ಪೇಪರ್ ಇಡೋ ಕಪಾಟಿನ್ಯಾಗ ಇಡ್ರಿ. ಗಂಡಸು ಒಬ್ಬವನೇ ಎಲ್ಲಾ ತಿಳಕೊಂಡಿದ್ದು, ಅಂವ ಹೋದ ಮ್ಯಾಲ ಮನ್ಯಾಕಿ ವಿಮಾ ಕಾಗದಕ್ಕ ಅಲದಾಡೋದು ನಾವು ಟ್ರಂಕಿನ ಕಾಲದಾಗೂ ನೋಡೀವಿ. ಡಬ್ಬಿ ಕಾಲದಾಗ ಒಡಿಯಾಕ ಕೀಲಿನೂ ಕಣ್ಣಿಗೆ ಕಾಣಂಗಿಲ್ಲ.

ಈಗ ನನಗ ಎಲ್ಲಾದಕ್ಕಿಂತ ಮುಖ್ಯ ಅನಿಸೋದು. ಮಗಳ ಮದುವಿ ಆದ ಮ್ಯಾಲ ಆಕಿ ಖಾತೆ ತಗೀಬೇಕೋ ಇಡಬೇಕೋ? ಕೊಟ್ಟ ಹೆಣ್ಣು ಕುಲಕ್ಕ ಹೊರಗು ಅಂತ ಗಾದಿ ಐತಿ. ಯಾರೂ ಏನೂ ಹೇಳದಿದ್ರ ನಡಿಯೋದು ಆ ಗಾದೀನ. ಹುಡುಗರು ಪಟ್ಟಿ ಸ್ವಚ್ಛ ಮಾಡೋಮುಂದ "ಆಕಿ ಈಗ ಇಲ್ಲಿಲ್ಲಲ್ಲ" ಅಂತ ಒಂದು ಗುಂಡಿ ಒತ್ತತಾರ. ಜಗಳಿಲ್ಲ, ಮಾತಿಲ್ಲ, ಹೋತು. ಆದ್ರ ಕಾಯ್ದೆ ಆ ಗಾದಿ ಬಿಟ್ಟು ಭಾಳ ದೂರ ಬಂದೈತಿ. ಪಿತ್ರಾರ್ಜಿತ ಆಸ್ತಿಯಾಗ ಹೆಣ್ಮಕ್ಕಳಿಗೆ ಗಂಡ್ಮಕ್ಕಳ ಸಮ ಪಾಲು ಅಂತ ಕರ್ನಾಟಕದಾಗ 1994ರಾಗ ಮೊದ್ಲ ಬಂದದ್ದು ಮದುವಿ ಆಗದವರಿಗೆ. 2005ರಾಗ ಇಡೀ ದೇಶದ ಕಾಯ್ದೆ ಮದುವಿ ಆದವರನ್ನೂ ಸೇರಿಸ್ತು. 2005ರಾಗ ಅಪ್ಪ ಬದುಕಿರಬೇಕು ಅಂತೇನಿಲ್ಲ ಅಂತ 2020ರಾಗ ಸುಪ್ರೀಂ ಕೋರ್ಟ್ ಹೇಳೈತಿ. ಟ್ರಂಕು ಫೋಲ್ಡರ್ ನೋಡಿದ್ರ ಪಾಲು ಕೇಳಿದಂಗ ಅಲ್ರಿ. ಆದ್ರ ನೋಡೋ ಹಕ್ಕನ್ನೂ ಸದ್ದಿಲ್ಲದ ಕಸಗೊಂಡ್ರ ಆಕಿ ಏನು ತಿಳೀಬೇಕು?

ಪಾಲಿನ ಮಾತು ಬಿಡ್ರಿ, ದಿನಾ ದಗದಕ್ಕೂ ಬೇಕು. 371ಜೆ ಬಂದ ಮ್ಯಾಲ, ಅಂದ್ರ 2013ರಿಂದ, ನೌಕರಿಗೆ, ಕಾಲೇಜು ಸೀಟಿಗೆ ನಮ್ಮ ಭಾಗದವರು ಅಂತ ಅರ್ಹತಾ ಪ್ರಮಾಣಪತ್ರ ತೋರಸಬೇಕು. ಇಲ್ಲೇ ಹುಟ್ಟಿದ್ದು, ಇಲ್ಲೇ ಇದ್ದದ್ದು, ಇಲ್ಲೇ ಸಾಲಿ ಕಲಿತದ್ದು ಅನ್ನೋ ಕಾಗದ ಎಲ್ಲಾ ತವರಿನ ಟ್ರಂಕಿನ್ಯಾಗ. ಮದುವಿ ಆಗಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದಾಕಿ ರಾತ್ರಿ ಹತ್ತಕ್ಕ ಫೋನ್ ಮಾಡಿ, "ಯಣ್ಣಾ, ನನ್ನ ಸಾಲಿ ಸರ್ಟಿಫಿಕೇಟಿನ ಫೋಟೊ ಕಳಸೋ, ನಾಳಿ ಕಡೀ ದಿನ ಐತಿ" ಅಂತ ಕೈ ಮುಗಿಯೋದು ಯಾಕ? ಅದಕ್ಕ ನನ್ನ ಕಟ್ಟಳೆ ಒಂದ ಸಾಲು: ಮದುವಿ ಆದ್ರ ಖಾತೆ ಹೋಗಂಗಿಲ್ಲ. ಹಂಗ ಬಂದ ಸೊಸಿಗೆ ಬಂದ ದಿನಾನ ಖಾತೆ, ಕೋಲಿ ಎರಡೂ ಸಿಗಬೇಕು, ವರ್ಷ ಕಳದ ಮ್ಯಾಲ ನೋಡೋಣ ಅನ್ನೋದಲ್ಲ.

ಬ್ಯಾರೆ ಊರಿನಿಂದ ನೋಡೋದು ಹೆಂಗ ಅಂದ್ರ, ಡಬ್ಬಿ ಕಂಪನಿ ಆಪ್ ಇಲ್ಲಾ ವಿಪಿಎನ್ ಬಳಸಬೇಕು, ವೈಫೈ ಪೆಟಿಗಿಯಾಗ ಬಾಗಿಲ ತೂತು ಕೊರಿಬಾರದು. 2021ರ ಜೂನ್‌ದಾಗ ಡಬ್ಲ್ಯುಡಿ ಕಂಪನಿಯ ಮೈ ಬುಕ್ ಲೈವ್ ಅನ್ನೋ ಹಳೇ ಡಬ್ಬಿ ಇಟ್ಟುಕೊಂಡ ದೇಶದೇಶದ ಮಂದಿಗೆ ಮುಂಜಾನೆ ಎದ್ದು ನೋಡಿದ್ರ ಎಲ್ಲಾ ಖಾಲಿ. 2015ರಿಂದ ಅವಕ್ಕ ಅಪ್‌ಡೇಟೇ ಬಂದಿರಲಿಲ್ಲ, ಹೊರಗಿನವರು ಒಳಗ ಹೊಕ್ಕು ಅಳಿಸಿಬಿಟ್ಟಿದ್ರು. ಎರಡು ಡಿಸ್ಕ್ ಐತಿ ಅಂತನೂ ಸುಮ್ನ ಕೂಡಬ್ಯಾಡ್ರಿ. ಒಂದರಾಗ ಅಳಿಸಿದ್ರ ಇನ್ನೊಂದರಾಗೂ ಆಗಲೇ ಅಳಿಸಿಹೋಗತೈತಿ. ಟ್ರಂಕಿನ ಇನ್ನೊಂದು ಪ್ರತಿ ಬ್ಯಾರೆ ಡಿಸ್ಕಿನ್ಯಾಗ, ಬ್ಯಾರೆ ಊರಿನ ಮನ್ಯಾಗ ಇರಬೇಕು. ಕುಷ್ಟಗಿ ತಂಗಿ ಮನಿ ಅದಕ್ಕ ಭೇಷ್ ಜಾಗ.

ಇನ್ನ ನಿಮ್ಮ ಮನ್ಯಾಗ ಡಬ್ಬಿ ಬಂದ ದಿನ ಚಾ ಕೊಟ್ಟು, ಜೋಡಿಸಾಕ ಬಂದ ಹುಡುಗಗ ನಾಕು ಪ್ರಶ್ನೆ ಕೇಳ್ರಿ. ನನ್ನ ಹೆಸರಿನ ಖಾತೆ ಎಲ್ಲೈತಿ? ನನ್ನ ಕೋಲಿ ಯಾರ್‍ಯಾರಿಗೆ ಕಾಣತೈತಿ? ಅಡ್ಮಿನ್ ಇಬ್ಬರು ಯಾರು? ಮಗಳು ಗಂಡನ ಮನಿಗೆ ಹೋದ್ರ ಆಕಿ ಖಾತೆ ಏನಾಗತೈತಿ? ನಾಕಕ್ಕೂ ಉತ್ತರ ಕೊಟ್ಟು, ನಿಮ್ಮ ಕಣ್ಮುಂದ ನಿಮ್ಮ ಫೋನಿನ್ಯಾಗ ತೆಗದು ತೋರಿಸೋತನಕ ಅವನನ್ನ ಏಳಾಕ ಬಿಡಬ್ಯಾಡ್ರಿ. ಬೇಕಾದ್ರ ಇನ್ನೊಂದು ಕಪ್ ಚಾ ಹಾಕ್ರಿ.